ಉಪ್ಪ ತಂದ ಬ್ಯಾಟರಿ, ಉಮ್ಮನ ಪೆಟ್ಟಿಗೆ

ನಮ್ಮ ಮನೆಯಲ್ಲಿ ಗಲ್ಫಿನಿಂದ ಬಂದ ಯಾವ ವಸ್ತುವನ್ನೂ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವಂತಿರಲಿಲ್ಲ. ಉಪ್ಪ, ಎಂದರೆ ನನ್ನ ತಂದೆ, ಸೌದಿಯ ದಮಾಮಿನಲ್ಲಿ ಒಂದು ಕಂಪೆನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅಲ್ಲಿ ಕರೆಂಟು ನೂರ ಹತ್ತು ವೋಲ್ಟು, ಬಂಟ್ವಾಳದ ನಮ್ಮ ಮನೆಯಲ್ಲಿ ಇನ್ನೂರ ಮೂವತ್ತು. ಮದುವೆಯಾದ ಹೊಸದರಲ್ಲಿ ಉಪ್ಪ ಕಳುಹಿಸಿದ ಟೇಪ್ ರೆಕಾರ್ಡರನ್ನು ಉಮ್ಮ ಆಸೆಯಿಂದ ಗೋಡೆಗೆ ಹಾಕಿದ್ದರಂತೆ. ಹಾಡು ಬರುವ ಮೊದಲೇ ಹೊಗೆ ಬಂತು. ಸ್ವಿಚ್ ಬೋರ್ಡಿನ ಮೇಲೆ ಅದರ ಕಪ್ಪು ಕಲೆ ನಾನು ದೊಡ್ಡವಳಾದ ಮೇಲೂ ಇತ್ತು.

ಆಮೇಲೆ ಮನೆಗೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಂತು. ಬೂದು ಬಣ್ಣದ, ಎತ್ತಲು ಎರಡೂ ಕೈ ಬೇಕಾಗುವಷ್ಟು ಭಾರದ ಕಬ್ಬಿಣದ ಡಬ್ಬ. ಗೋಡೆಯ ಕರೆಂಟನ್ನು ಅರ್ಧಕ್ಕೆ ಇಳಿಸಿ ಕೊಡುವುದು ಅದರ ಕೆಲಸ. ನಾವು ಅದನ್ನು ಪೆಟ್ಟಿಗೆ ಎಂದಷ್ಟೇ ಕರೆಯುತ್ತಿದ್ದೆವು. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕುಳಿತು ಅದು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಸೌದಿಯ ಮಿಕ್ಸಿ ಅದರ ಮೂಲಕವೇ ತಿರುಗಬೇಕು. ಪೆಟ್ಟಿಗೆಗೆ ಇದ್ದದ್ದು ಒಂದೇ ತೂತು. ಒಂದು ಸಲಕ್ಕೆ ಒಂದೇ ಪ್ಲಗ್ಗು.

ನಾನು ಹೈಸ್ಕೂಲಿನಲ್ಲಿದ್ದಾಗ ಉಪ್ಪ ರಜೆಗೆ ಬರುವಾಗ ನನಗೊಂದು ರಿಮೋಟ್ ಜೀಪು ತಂದರು. ದಪ್ಪ ಚಕ್ರಗಳ, ಹಸಿರು ಬಣ್ಣದ, ಬಾನೆಟ್ಟು ತೆರೆದು ನೋಡಬಹುದಾದ ಜೀಪು. ನೆರೆಮನೆಯ ಹೆಂಗಸೊಬ್ಬರು, "ಹೆಣ್ಣುಮಗುವಿಗೆ ಜೀಪಾ?" ಎಂದು ಕೇಳಿದ್ದಕ್ಕೆ ಉಪ್ಪ, "ಗೊಂಬೆಗೆ ಕುಳಿತುಕೊಳ್ಳಲಿಕ್ಕೆ ಏನಾದ್ರೂ ಬೇಕಲ್ವಾ?" ಎಂದಿದ್ದರು. ನನ್ನ ಹತ್ತಿರ ಗೊಂಬೆ ಇರಲೇ ಇಲ್ಲ.

ಜೀಪಿನ ಬ್ಯಾಟರಿ ತುಂಬಬೇಕಾದರೆ ಬೆಳಗಿನಿಂದ ಸಂಜೆಯವರೆಗೆ ಚಾರ್ಜಿಗೆ ಇಡಬೇಕಿತ್ತು. ಅಷ್ಟು ಹೊತ್ತು ಪೆಟ್ಟಿಗೆ ಜೀಪಿನದ್ದು. ಮಿಕ್ಸಿ ಸುಮ್ಮನೆ ನಿಂತಿರುತ್ತಿತ್ತು. ಮೊದಲ ಭಾನುವಾರ ನಾನು ಏನು ಹೇಳುವುದೆಂದು ತಿಳಿಯದೆ ಚಾರ್ಜರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಉಮ್ಮ ನೋಡಿದರು, ಮಿಕ್ಸಿಯ ಪ್ಲಗ್ಗನ್ನು ತಾವೇ ಕಿತ್ತರು.

"ಹಾಕು. ಅದಕ್ಕೂ ಹೊಟ್ಟೆಗೆ ಬೇಡ್ವಾ?"

ಮತ್ತೆ ಹಿತ್ತಿಲ ಚಾವಡಿಗೆ ಹೋಗಿ ಕಡೆಯುವ ಕಲ್ಲನ್ನು ತೊಳೆದು, ತೆಂಗಿನಕಾಯಿ, ಮೆಣಸು, ಕೊತ್ತಂಬರಿ ಹಾಕಿಕೊಂಡು ಮೀನಿನ ಸಾರಿಗೆ ಕೈಯಲ್ಲೇ ಕಡೆಯಲು ಕುಳಿತರು. ಮಿಕ್ಸಿ ಬಂದ ಮೇಲೆ ಆ ಕಲ್ಲು ಮುಟ್ಟದೆ ಎಷ್ಟೋ ಕಾಲವಾಗಿತ್ತು. ಅಂದಿನಿಂದ ಜೀಪು ಚಾರ್ಜಿಗಿದ್ದ ದಿನವೆಲ್ಲ ನಮ್ಮ ಮನೆಯಲ್ಲಿ ಕಲ್ಲಿನ ಸದ್ದು ಕೇಳುತ್ತಿತ್ತು. ಅದಕ್ಕಾಗಿ ಉಮ್ಮ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಮತ್ತೆ ತುಂಬಬೇಕು, ಇಲ್ಲದಿದ್ದರೆ ಅದರ ಶಕ್ತಿ ಕುಗ್ಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಬ್ಯಾಟರಿಯ ಮೇಲಿನ ಕಾಳಜಿ ಅದರಲ್ಲಿ ಅರ್ಧ. ಉಮ್ಮನ ತೋಳಿನ ದುಡಿಮೆ ವ್ಯರ್ಥವಾಗಬಾರದು ಎನ್ನುವುದು ಇನ್ನರ್ಧ.

ಆದರೆ ಜೀಪು ತಂದ ಉಪ್ಪ ಅದು ಓಡುವುದನ್ನು ಕಣ್ತುಂಬ ನೋಡಲೇ ಇಲ್ಲ. ಅವರ ಆ ರಜೆ ಮಳೆಗಾಲದಲ್ಲಿ ಬಂದಿತ್ತು. ಅಂಗಳವೆಲ್ಲ ಪಾಚಿ. ಒಳಗೆ ಮಂಚದ ಕಾಲಿಗೆ ಎರಡು ಸಲ ಡಿಕ್ಕಿ ಹೊಡೆಸಿ, ವಿಮಾನ ಹತ್ತಿದರು. ಎರಡು ವರ್ಷ ಕಳೆದು ಮತ್ತೆ ಬಂದಾಗ ಬ್ಯಾಟರಿಗೆ ಮುಪ್ಪು ಬಂದಿತ್ತು. ಇಡೀ ದಿನ ಚಾರ್ಜು ಕುಡಿದು, ಅಂಗಳಕ್ಕೆ ಎರಡು ಸುತ್ತು ಬಂದು ನಿಂತುಬಿಡುತ್ತಿತ್ತು. "ಇಷ್ಟು ದೂರದಿಂದ ತಂದದ್ದು, ಇಷ್ಟೇ ದೂರ ಹೋಗ್ತದಾ?" ಎಂದು ಉಪ್ಪ ನಕ್ಕರು. ನಾನೂ ನಕ್ಕೆ. ಆದರೆ ಅವರು ನಿಂತ ಜೀಪನ್ನು ಎತ್ತಿಕೊಂಡು ಚಕ್ರದ ಮಣ್ಣನ್ನು ಪಂಚೆಯ ತುದಿಯಿಂದ ಒರೆಸಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಅವರೆದುರು ಅದನ್ನು ಒಮ್ಮೆ ಸರಿಯಾಗಿ ಓಡಿಸಬೇಕು ಎಂದುಕೊಂಡೆ.

ಮುಂದಿನ ರಜೆಯ ಹೊತ್ತಿಗೆ ನಾನು ಮೂಡಬಿದಿರೆಯ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದೆ. ಉಪ್ಪ ದಮಾಮ್ ಬಿಟ್ಟು ದುಬೈಗೆ ಹೋಗಿ ಒಂದು ವರ್ಷವಾಗಿತ್ತು. ಫೋನಿನಲ್ಲಿ ನನಗೇನು ತರಬೇಕೆಂದು ಕೇಳಿದರು. "ಜೀಪಿಗೆ ಬ್ಯಾಟರಿ" ಎಂದೆ. "ಅದು ಇನ್ನೂ ಉಂಟಾ?" ಎಂದರು. ಅವರ ದನಿಯಲ್ಲಿ ಸಂತೋಷವಿತ್ತು.

ಬಂದ ಸಂಜೆ ಸೂಟ್‌ಕೇಸಿನ ಸೋಪು, ಹಾಲಿನ ಪುಡಿಗಳ ನಡುವಿನಿಂದ ಒಂದು ಜೊತೆ ಕಾಲುಚೀಲ ತೆಗೆದರು. ಒಂದರೊಳಗೆ ಹಳದಿ ಹೊದಿಕೆಯ ಬ್ಯಾಟರಿ, ಇನ್ನೊಂದರೊಳಗೆ ಅದರದ್ದೇ ಹೊಸ ಚಾರ್ಜರ್.

"ಅಂಗಡಿಯವನತ್ರ ಹೇಳಿದೆ, ಇದ್ದದ್ದರಲ್ಲಿ ದೊಡ್ಡದು ಕೊಡು ಅಂತ. ಮಗಳು ಸಯನ್ಸ್ ಓದ್ತಾಳೆ, ಹಾಗೆಲ್ಲ ಮೋಸ ಮಾಡ್ಲಿಕ್ಕೆ ಆಗುದಿಲ್ಲ ಅಂತಲೂ ಹೇಳಿದೆ."

ಹೊದಿಕೆಯ ಮೇಲಿನ ಅಕ್ಷರ ಓದಿದೆ. ವೋಲ್ಟು ಹಳೆಯದರಷ್ಟೇ, ಹಿಡಿಯುವ ಶಕ್ತಿ ಎರಡರಷ್ಟು. ಹಳೆಯದರ ಹಾಗೆ ಕ್ಯಾಡ್ಮಿಯಮ್ಮಿನದ್ದಲ್ಲ, ಹೊಸ ಬಗೆಯದ್ದು. ಗಾತ್ರ ಸ್ವಲ್ಪ ಹೆಚ್ಚಾಗಿ ಜೀಪಿನ ಹೊಟ್ಟೆಯೊಳಗೆ ಕೂರುತ್ತಿರಲಿಲ್ಲ. ಉಮ್ಮನ ಹಳೆಯ ಚೂರಿಯನ್ನು ಒಲೆಯಲ್ಲಿ ಕಾಯಿಸಿ, ಒಳಗಿನ ಪ್ಲಾಸ್ಟಿಕ್ಕಿನ ಒಂದು ಅಂಚನ್ನು ಕತ್ತರಿಸಿ ತೆಗೆದೆ. ಉಪ್ಪ ಜೀಪನ್ನು ಅಲುಗದಂತೆ ಹಿಡಿದುಕೊಂಡಿದ್ದರು.

ಅಷ್ಟರಲ್ಲಿ ಉಮ್ಮ ಚಾರ್ಜರನ್ನು ಎತ್ತಿಕೊಂಡಿದ್ದರು. "ಕೊಡಿ ಇತ್ಲಾಗಿ. ತಂದೆ ಮಗಳು ಸೇರಿ ಮನೆ ಸುಡುವುದು ಬೇಡ." ಹೇಳುತ್ತಲೇ ಅದನ್ನು ಪೆಟ್ಟಿಗೆಗೆ ಚುಚ್ಚಿದರು. ಚಾರ್ಜರಿನ ಕೆಂಪು ದೀಪ ಮಂದವಾಗಿ ಹತ್ತಿತು. ಮರುದಿನ ಬೆಳಿಗ್ಗೆ ಕಲ್ಲು ತೊಳೆದರು.

ಸಂಜೆ ಮೂವರೂ ಅಂಗಳಕ್ಕೆ ಬಂದೆವು. ಜೀಪು ಮೆಟ್ಟಿಲಿನಿಂದ ಬಾವಿಕಟ್ಟೆಯವರೆಗೆ ಹೋಗಿ ನಿಂತಿತು. ಇನ್ನೊಂದು ದಿನ ಚಾರ್ಜು ಮಾಡಿದೆವು. ಈ ಸಲ ಬಾವಿಕಟ್ಟೆಯೂ ಮುಟ್ಟಲಿಲ್ಲ.

"ಅಂಗಡಿಯವ ನನ್ನ ಮುಖ ನೋಡಿ ಕೆಟ್ಟದ್ದು ಕೊಟ್ಟಿದ್ದಾನೆ" ಎಂದರು ಉಪ್ಪ.

"ನಿಮ್ಮ ಮುಖಕ್ಕೆ ಎಂತ ಆಗಿದೆ? ಬ್ಯಾಟರಿಯ ಮುಖವೇ ಸರಿ ಇಲ್ಲ" ಎಂದರು ಉಮ್ಮ. ಉಪ್ಪ ನಗಲಿಲ್ಲ.

ಸೋಮವಾರ ಬ್ಯಾಟರಿಯನ್ನು ಮೂಡಬಿದಿರೆಗೆ ಒಯ್ದು ಕಾಲೇಜಿನ ಲ್ಯಾಬಿನಲ್ಲಿ ಮೀಟರ್ ಹಿಡಿದು ನೋಡಿದೆ. ಖಾಲಿ. ಎರಡು ದಿನ ಚಾರ್ಜಿಗಿಟ್ಟದ್ದು ಎಂದಾಗ ನಮ್ಮ ಮೇಷ್ಟ್ರು, "ಹಾಗಾದ್ರೆ ಹಳೇ ಸ್ಟಾಕ್ ಇರ್ಬೇಕು. ಒಳಗಿನ ಸೆಲ್ ಸತ್ತಿರ್ತದೆ" ಎಂದರು. ಶನಿವಾರ ಮನೆಗೆ ಬಂದು ಅದನ್ನೇ ಹೇಳಿದೆ. ಉಪ್ಪ, "ಹೋಗ್ಲಿ ಬಿಡು" ಎಂದರು. ಆಮೇಲೆ ಊಟಕ್ಕೆ ಕುಳಿತಾಗ, ಯಾರಿಗೂ ಅಲ್ಲ ಎಂಬಂತೆ, "ಇನ್ನು ಇಂಥದ್ದೆಲ್ಲ ನನಗೆ ಹೇಳ್ಬೇಡಿ. ಸೋಪು ಹಾಲಿನ ಪುಡಿ ಆದ್ರೆ ತರ್ತೇನೆ" ಎಂದರು. ಉಗ್ರಾಣದಲ್ಲಿ ಸಾವಿರ ಬಗೆಯ ಸಾಮಾನು ಗುರುತಿಸುವ ಮನುಷ್ಯ. ಮಗಳು ಕೇಳಿದ ಒಂದೇ ವಸ್ತುವಿನಲ್ಲಿ ಮೋಸ ಹೋದೆ ಎಂಬುದು ಅವರಿಗೆ ನುಂಗಲಾಗಲಿಲ್ಲ. ನನಗೂ ಆಗಲಿಲ್ಲ. ಆ ಭಾರ ಹೊತ್ತು ಅವರು ವಿಮಾನ ಹತ್ತುವುದು ನನಗೆ ಬೇಡವಾಗಿತ್ತು. ಆದರೆ ರಜೆಯಲ್ಲಿ ಉಳಿದದ್ದು ಒಂದು ವಾರ ಮಾತ್ರ.

ಹೊರಡುವ ಮೊದಲು ನೆಂಟರ ಮನೆಗಳಿಗೆಲ್ಲ ಹೋಗಿ ಹೇಳಿ ಬರುವುದು ಗಲ್ಫಿನವರ ಪದ್ಧತಿ. ಮರುದಿನ ಭಾನುವಾರ ಬೆಳ್ತಂಗಡಿಯ ಮಾಮಿಯ ಮನೆ. ಮಾಮಿ ಎಂದರೆ ಉಪ್ಪನ ಅಕ್ಕ. ಅವರ ಗಂಡ ಮೊದಲಿನಿಂದಲೂ ದುಬೈಯಲ್ಲಿದ್ದವರು. ಮಾಮಿಯದ್ದು ದೊಡ್ಡ ಅಂಗಳ. ಹಳೆಯ ಬ್ಯಾಟರಿಯ ಎರಡು ಸುತ್ತನ್ನಾದರೂ ಅಲ್ಲಿ ಉಪ್ಪನಿಗೆ ತೋರಿಸೋಣವೆಂದು, ಜೀಪಿನ ಚೀಲವನ್ನು ಇದ್ದ ಹಾಗೆಯೇ ಹೆಗಲಿಗೆ ಹಾಕಿಕೊಂಡೆ. ಹೊಸ ಬ್ಯಾಟರಿಯೂ ಅದರ ಚಾರ್ಜರೂ ಅದರೊಳಗೇ ಇದ್ದವು.

ಹಳೆಯ ಬ್ಯಾಟರಿ ತನ್ನ ಎರಡು ಸುತ್ತು ಮುಗಿಸಿ ನಿಂತಿತು. ಜಗುಲಿಯಲ್ಲಿ ಕುಳಿತು ನೋಡುತ್ತಿದ್ದ ಮಾಮಿ, "ಇಷ್ಟಕ್ಕೆ ಬಂಟ್ವಾಳದಿಂದ ಹೊತ್ತುಕೊಂಡು ಬಂದದ್ದಾ ಮಗಾ? ಚಾರ್ಜಿಗೆ ಹಾಕು" ಎಂದು ಚೀಲಕ್ಕೆ ಕೈ ಹಾಕಿದರು. ಸಿಕ್ಕಿದ್ದು ಹೊಸ ಚಾರ್ಜರ್, ಅದರ ತುದಿಯಲ್ಲಿ ಹೊಸ ಬ್ಯಾಟರಿ. ನಾನು ವಿವರಿಸುವ ಮೊದಲೇ ಒಳಗೆ ಹೋಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿ ಸ್ವಿಚ್ಚು ಒತ್ತಿದರು.

ಉಮ್ಮ ಅಡುಗೆಮನೆಯಿಂದ ಸೌಟು ಸಮೇತ ಓಡಿ ಬಂದರು. "ಅಯ್ಯೋ ತೆಗೀರಿ, ತೆಗೀರಿ! ಪೆಟ್ಟಿಗೆ ಇಲ್ಲದೆ ಹಾಕಿದ್ರಾ!"

"ಎಂತ ಪೆಟ್ಟಿಗೆ? ನಮ್ಮಲ್ಲಿ ಪೆಟ್ಟಿಗೆ ಅಟ್ಟದಲ್ಲಿ ಉಂಟು, ಬಟ್ಟೆ ತುಂಬಿಸಿದ್ದು."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾವೆಲ್ಲ ಹೊಗೆಗಾಗಿ ಕಾದೆವು. ಹೊಗೆ ಬರಲಿಲ್ಲ. ನಾನು ದೀಪವನ್ನು ನೋಡಿದೆ. ನಮ್ಮ ಮನೆಯಲ್ಲಿ ಮಂಕಾಗಿದ್ದ ಅದೇ ಕೆಂಪು ದೀಪ ಇಲ್ಲಿ ದಾಳಿಂಬೆಯ ಕಾಳಿನ ಹಾಗೆ ಹೊಳೆಯುತ್ತಿತ್ತು.

ಸ್ವಿಚ್ಚು ಆರಿಸಿ ಚಾರ್ಜರನ್ನು ಕಿತ್ತು ಕಿಟಕಿಯ ಬಳಿಗೆ ಒಯ್ದೆ. ಪಿನ್ನುಗಳಿದ್ದ ಬದಿಯಲ್ಲಿ, ಪ್ಲಗ್ಗಿಗೆ ಹಾಕಿದಾಗ ಗೋಡೆಯ ಕಡೆಗೆ ಮುಚ್ಚಿಹೋಗುವ ಜಾಗದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಅಕ್ಷರಗಳು ಉಬ್ಬಿಕೊಂಡಿದ್ದವು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥವು.

"ಎಂತ ಉಂಟು, ಓದು" ಎಂದರು ಉಪ್ಪ.

"ಇನ್ನೂರ ಇಪ್ಪತ್ತರಿಂದ ಇನ್ನೂರ ನಲವತ್ತು."

ಉಪ್ಪ ನಿಧಾನವಾಗಿ, "ದುಬೈಯಲ್ಲಿ ನಮ್ಮ ಊರಿನದ್ದೇ ಕರೆಂಟಾ ಹಾಗಾದ್ರೆ?" ಎಂದರು.

ಮಾಮಿ ಹಣೆ ಹೊಡೆದುಕೊಂಡರು. "ಒಂದು ವರ್ಷ ದುಬೈಯಲ್ಲಿ ಇದ್ದು ಅಷ್ಟೂ ಗೊತ್ತಿಲ್ವಾ ಮಾರಾಯ? ನೀನಿನ್ನೂ ದಮಾಮಿನಲ್ಲೇ ಇದ್ದೀಯಾ?"

ಉಪ್ಪ ಇದ್ದದ್ದು ಕಂಪೆನಿಯ ಕ್ಯಾಂಪಿನಲ್ಲಿ. ಇಸ್ತ್ರಿಯಿಂದ ಹಿಡಿದು ಎಲ್ಲವೂ ಅಲ್ಲಿಯೇ ಕೊಟ್ಟದ್ದು, ಅಲ್ಲಿಯೇ ಹಾಕಿದ್ದು. ವೋಲ್ಟಿನ ಮಾತು ಅವರಿಗೆ ಬೇಕಾಗಿಯೇ ಇರಲಿಲ್ಲ. ನಮಗೋ, ಗಲ್ಫು ಎಂದರೆ ಸೌದಿ, ಸೌದಿ ಎಂದರೆ ಪೆಟ್ಟಿಗೆ. ಗೋಡೆಯ ಪೂರ್ತಿ ಕರೆಂಟು ಬೇಕಿದ್ದ ಚಾರ್ಜರಿಗೆ ನಾವು ಪೆಟ್ಟಿಗೆಯ ಮೂಲಕ ಅರ್ಧ ಕೊಟ್ಟಿದ್ದೆವು. ದೀಪ ಹತ್ತಲು ಅದು ಸಾಕು, ಬ್ಯಾಟರಿ ತುಂಬಲು ಸಾಲದು. ಅಂಗಡಿಯವನು ಮೋಸ ಮಾಡಿರಲಿಲ್ಲ. ಬ್ಯಾಟರಿ ಸತ್ತಿರಲಿಲ್ಲ, ಹಸಿದಿತ್ತು ಅಷ್ಟೆ.

ನಾನು ಮತ್ತೆ ಪ್ಲಗ್ಗು ಹಾಕಲು ಹೋದಾಗ ಉಮ್ಮ ನನ್ನ ಮೊಣಕೈ ಹಿಡಿದರು. "ಸರಿ ಓದಿದ್ದೀಯಾ?"

"ಸರಿ ಓದಿದ್ದೇನೆ ಉಮ್ಮ."

ಕೈ ಬಿಟ್ಟರು. ನಾನು ಹೇಳಿದ್ದನ್ನು ನಂಬಿ, ಇಷ್ಟು ವರ್ಷದ ಹೆದರಿಕೆಯನ್ನು ಅವರು ಬಿಟ್ಟುಕೊಟ್ಟ ಆ ಗಳಿಗೆಯನ್ನು ಈಗಲೂ ನೆನೆಯುತ್ತೇನೆ. ಸ್ವಿಚ್ಚು ಒತ್ತಿದಾಗ ಮಾತ್ರ ಒಂದು ಹೆಜ್ಜೆ ಹಿಂದೆ ನಿಂತಿದ್ದರು.

ಊಟ ಮುಗಿಯಿತು, ಚಹಾವೂ ಮುಗಿಯಿತು. ನಡುನಡುವೆ ಉಪ್ಪ ಎದ್ದು ಹೋಗಿ ಬ್ಯಾಟರಿಯನ್ನು ಮುಟ್ಟಿ ಬರುತ್ತಿದ್ದರು. "ಬೆಚ್ಚಗೆ ಉಂಟು" ಎಂದು ವರದಿ ಒಪ್ಪಿಸುತ್ತಿದ್ದರು. ಬೆಚ್ಚಗಾಗುವುದು ಒಳ್ಳೆಯ ಲಕ್ಷಣ ಎಂದು ನಾನು ಹೇಳಿದ್ದೆ.

ಸಂಜೆ ರಿಮೋಟನ್ನು ಅವರ ಕೈಗೇ ಕೊಟ್ಟೆ. ಉಪ್ಪನಿಗೆ ನಿಜವಾದ ಗಾಡಿ ಓಡಿಸಲು ಬರುತ್ತಿರಲಿಲ್ಲ. ಜೀಪು ಹಾರಿದ ರಭಸಕ್ಕೆ ಅವರೇ ಬೆದರಿದರು. ಮಾಮಿಯ ಕೋಳಿಗಳು ದಿಕ್ಕಾಪಾಲಾದವು. ಮೊದಲು ನೇರ ಹೋಗುವುದು ಮಾತ್ರ, ಆಮೇಲೆ ತಿರುವು, ಆಮೇಲೆ ಒಣಗಲು ಹಾಕಿದ ಕೊಬ್ಬರಿಯ ಚಾಪೆಯ ಸುತ್ತ ಅಂಚು ತಾಗದಂತೆ. ಒಂದು ತಿರುವು ಸರಿಯಾಗಿ ಬಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು. ಹಳೆಯ ಬ್ಯಾಟರಿ ನಿಲ್ಲುತ್ತಿದ್ದ ಹೊತ್ತು ಬಂತು, ಹೋಯಿತು. ಜೀಪು ಓಡುತ್ತಲೇ ಇತ್ತು.

"ಬಸ್ಸಿಗೆ ಹೊತ್ತಾಯ್ತು" ಎಂದರು ಉಮ್ಮ.

"ಇನ್ನೊಂದು ಬಸ್ ಉಂಟು. ಅದರಲ್ಲಿ ಹೋಗುವ" ಎಂದರು ಉಪ್ಪ, ತಲೆ ಎತ್ತದೆ.

ಉಮ್ಮ, "ಅಲ್ಲ, ಹಾಗಾದ್ರೆ ನಾನು ಎರಡು ದಿನ ಆ ಕಲ್ಲು ತಿರುಗಿಸಿದ್ದು ಯಾವುದಕ್ಕೆ?" ಎಂದು ಕೇಳಿದರು.

"ಸಾರು ಒಳ್ಳೆದಿತ್ತು" ಎಂದರು ಉಪ್ಪ.

ಮಾಮಿ ನಕ್ಕದ್ದು ರಸ್ತೆಗೆ ಕೇಳಿರಬೇಕು. ಉಪ್ಪ ರಿಮೋಟನ್ನು ಉಮ್ಮನ ಕಡೆ ಚಾಚಿದರು. ಇಷ್ಟು ವರ್ಷ ಆ ಜೀಪಿಗೆ ಹೊಟ್ಟೆ ತುಂಬಿಸಿದವರು ಅವರು, ಒಮ್ಮೆಯೂ ಓಡಿಸಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಕೈ ಒರೆಸಿಕೊಂಡು ತೆಗೆದುಕೊಂಡರು. ಜೀಪನ್ನು ನೇರವಾಗಿ ಕೊಬ್ಬರಿಯ ಚಾಪೆಯ ನಡುವಿಗೆ ಹೊಡೆದರು. ಮತ್ತೆ ಹಿಂದೆ ತೆಗೆದು, ಇನ್ನೊಮ್ಮೆ ಹೊಡೆದರು. ಬ್ಯಾಟರಿ ಮುಗಿದದ್ದು ಅವರ ಕೈಯಲ್ಲೇ.

ಆ ವಾರ ಉಪ್ಪ ಹೊರಟಾಗ ಸೂಟ್‌ಕೇಸು ಹಗುರವಾಗಿತ್ತು. ಅವರ ಮುಖವೂ ಹಾಗೆಯೇ ಇತ್ತು. ನಾನು ಅವರಿಗೆ ಥ್ಯಾಂಕ್ಸ್ ಎಂದು ಹೇಳಲಿಲ್ಲ. ನಮ್ಮಲ್ಲಿ ತಂದೆತಾಯಿಗೆ ಹಾಗೆ ಹೇಳುವ ರೂಢಿ ಇಲ್ಲ, ನನ್ನ ಸ್ವಭಾವವೂ ಅದಲ್ಲ. ಆ ಕಾರಣಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಟರಿಯನ್ನು ಕಾಲುಚೀಲದಲ್ಲಿ ಸುತ್ತಿ ತಂದದ್ದಕ್ಕೆ ಉಪ್ಪನಿಗೆ, ಕೇಳದೆಯೇ ಮಿಕ್ಸಿಯ ಪ್ಲಗ್ಗು ಕಿತ್ತದ್ದಕ್ಕೆ ಉಮ್ಮನಿಗೆ ನಾನು ಋಣಿ. ಯಾರನ್ನೂ ಕೇಳದೆ ಸ್ವಿಚ್ಚು ಒತ್ತಿದ ಮಾಮಿಗೂ.

ಮುಂದಿನ ರಜೆಗೆ ಮೊದಲು ಉಪ್ಪನ ಫೋನು ಬಂತು. ಸೋಪು, ಹಾಲಿನ ಪುಡಿಯ ವಿಚಾರವೆಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, "ಜೀಪಿಗೆ ಈ ಸಲ ಯಾವ ಬ್ಯಾಟರಿ ತರ್ಲಿ?" ಎಂದು ಕೇಳಿದರು. ನಾನು ಹೇಳತೊಡಗಿದೆ. ಹಿಂದಿನಿಂದ ಉಮ್ಮ, ಮಿಕ್ಸಿಯ ಸದ್ದಿನ ಮೇಲೆ ದನಿ ಎತ್ತರಿಸಿ ಕೂಗಿದರು:

"ಪಿನ್ನಿನ ಬದಿ ಓದಿ ತರ್ಲಿಕ್ಕೆ ಹೇಳು!"