ಮಾವನ ಬೋರ್ಡು, ಕುದಿಯುವ ಜೀಪು

ಗೆಳೆಯರೇ, ಕಲ್ಲುಬೆಟ್ಟ ಹತ್ತುವ ನಮ್ಮ ಜೀಪು ಇವತ್ತು ಅರೆಕೆರೆ ಸಿಗ್ನಲ್ಲಿನಲ್ಲಿ ಕುದಿದು ನಿಂತಿತು. ಈ ತಿಂಗಳಲ್ಲಿ ಇದು ಮೂರನೇ ಸಲ. ಎಂಜಿನ್ ಆಯಿಲ್ ಬದಲಾಯಿಸಿದ್ದಾಗಿದೆ, ರೇಡಿಯೇಟರ್ ತೊಳೆಸಿದ್ದಾಗಿದೆ. ಬಂದ ಮೆಕ್ಯಾನಿಕ್, ಗಾಡಿ ಓಡಿಸುತ್ತಿದ್ದ ಸೊಸೆಯಾದ ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಮಾವನಿಗೆ ಹೇಳಿದ: "ಎಂಜಿನ್ನೇ ಬಿಚ್ಬೇಕು ಸಾರ್."

ನಾನು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ತೋರಿಸಿದೆ. ಆಯಿಲ್ ಸರಿಯಾಗಿಯೇ ಇತ್ತು. ಬಿಚ್ಚಬೇಕಾದದ್ದು ಎಂಜಿನ್ ಅಲ್ಲ. ಹೋದ ತಿಂಗಳು ಬಡಾವಣೆ ಸಂಘದ ಅಧ್ಯಕ್ಷರಾದ ಮಾವ, ತಮ್ಮ ಹೆಸರು, ಹುದ್ದೆ ಬರೆಸಿ, ಜೀಪಿನ ಮುಂದಿನ ಗ್ರಿಲ್ ಪೂರ್ತಿ ಮುಚ್ಚುವಂಥ ಕೆಂಪು ಬೋರ್ಡು ಹಾಕಿಸಿದ್ದರು. ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು? ಸ್ಪ್ಯಾನರ್ ಎತ್ತಿಕೊಂಡೆ.

"ಅದನ್ನ ಮಾತ್ರ ಮುಟ್ಬೇಡ ಕಣಮ್ಮ!" ಮಾವ ಕೂಗಿದರು.

ನಾಲ್ಕೂ ಬೋಲ್ಟ್ ಬಿಚ್ಚಿದೆ. ಎಂಜಿನ್ ತಣ್ಣಗಾದ ಮೇಲೆ ನೀರು ತುಂಬಿಸಿ, ಅದೇ ಟ್ರಾಫಿಕ್ಕಿನಲ್ಲಿ ಜೆ.ಪಿ. ನಗರದ ಮನೆವರೆಗೂ ನಾನೇ ಓಡಿಸಿದೆ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ.

ಮಾವ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. "ಇದಿಲ್ದೆ ನಾನ್ಯಾರು ಅಂತ ಜನಕ್ಕೆ ಹೆಂಗಮ್ಮ ಗೊತ್ತಾಗತ್ತೆ?"

"ಮೂರು ಸಲ ನಡುರಸ್ತೇಲಿ ಹೊಗೆ ಬಿಟ್ಕೊಂಡು ನಿಂತಿದ್ವಲ್ಲ ಮಾವ, ಎಲ್ಲರೂ ನಿಧಾನಕ್ಕೆ ಓದ್ಕೊಂಡೇ ಹೋದ್ರು."