ಬುತ್ತಿಯೊಳಗಿನ ಇದ್ದಿಲು

ಕರಿದ ಮೀನು ಕಟ್ಟಿಕೊಂಡು ಹಾದಿ ಹಿಡಿದರೆ ಸತ್ತವರು ವಾಸನೆಗೆ ಬೆನ್ನು ಹತ್ತುತ್ತಾರೆ ಎಂದು ನಮ್ಮವ್ವ ನಂಬಿದ್ದಳು. ಅದಕ್ಕೇ ದೇವದುರ್ಗದಿಂದ ನಾನು ಮಾನ್ವಿಗೆ ಹೊರಟಾಗಲೆಲ್ಲ ಬುತ್ತಿಯ ಮೇಲೆ ಒಂದು ಚೂರು ಇದ್ದಿಲು ಇಡುತ್ತಿದ್ದಳು. ಇದ್ದಿಲು ಇದ್ದಲ್ಲಿ ಅವರು ಸುಳಿಯುವುದಿಲ್ಲವಂತೆ. ನಾನೋ ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೈಯೆಲ್ಲ ಉರಿಯುತ್ತಿತ್ತು.

"ಯವ್ವಾ, ಸಾಲಿ ಮಕ್ಕಳಿಗೆ ನಾ ಏನ್ ಹೇಳ್ಲಿ? ನಮ್ಮ ಮನ್ಯಾಗ ದೆವ್ವಕ್ಕ ಇದ್ದಲಿ ತೋರಸ್ತಾರಂತನಾ?" ಎಂದು ಅವಳೆದುರೇ ಆ ಚೂರನ್ನು ಅಂಗಳಕ್ಕೆ ಒಗೆಯುತ್ತಿದ್ದೆ.

"ಆತು ಬಿಡವ್ವಾ, ದೊಡ್ಡ ಶಾಣ್ಯಾಕಿ ನೀನು," ಎನ್ನುತ್ತಿದ್ದಳು. ಜಗಳಕ್ಕೆ ಬರುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಹೋದ ಮಳೆಗಾಲದಲ್ಲಿ ಅವ್ವ ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡಳು. ನಾನು ಹೋಗಿ ಮುಟ್ಟುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಒಂದು ಮಾತೂ ಆಗಲಿಲ್ಲ. ಆಮೇಲೆ ಕನಸಿನಲ್ಲೂ ಬರಲಿಲ್ಲ. ತಂಗಿಯ ಕನಸಿಗೆ ಬಂದು ಚಹಾ ಕೇಳಿದಳಂತೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ಹೊರಡುವಾಗ ತಂಗಿ ಕೃಷ್ಣೆಯ ಮೀನು ಕರಿದು, ಜೋಳದ ರೊಟ್ಟಿಯ ಜೊತೆ ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಮೇಲೆ ಇದ್ದಿಲು ಇಟ್ಟಳು.

"ಯಾಕಕ್ಕಾ, ಇವತ್ತ ಒಗೀಲಿಲ್ಲ?" ಎಂದಳು.

"ಇರ್ಲಿ ಬಿಡಬೇ," ಎಂದೆ.

ಬಸ್ಸು ಊರು ದಾಟಿದ ಮೇಲೆ ಚೂರನ್ನು ಕಿಟಕಿಯಿಂದ ಒಗೆದೆ. ಈ ಸಲ ಸಿಟ್ಟಿನಿಂದಲ್ಲ, ಅವ್ವ ಬರಲಿ ಎಂದು. ವಾಸನೆ ಹರಡಲಿ ಎಂದು ಬುತ್ತಿಯ ಗಂಟನ್ನೂ ಸಡಿಲಿಸಿದೆ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟೆ.

"ಯಾರರ ಬರಾವ್ರದಾರೇನ್ರೀ?" ಎಂದು ಕಂಡಕ್ಟರ್ ಕೇಳಿದ.

"ಹೂನ್ರೀ, ಬರ್ತಾರ."

ಎರೆ ಹೊಲದ ಹತ್ತಿ ಮುಗಿಯಿತು, ಸಿರವಾರ ಬಂತು, ಆಮೇಲೆ ನೆಲ್ಲಿನ ಹಸಿರು. ಅವ್ವ ಕೂಲಿಗೆ ಬಂದು ನಾಟಿ ಹಚ್ಚುತ್ತಿದ್ದ ಗದ್ದೆಗಳು ಇವೇ. ಅಲ್ಲಿ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವಳು ಕೂಡಲಿ ಎಂದು! ವಿಜ್ಞಾನದ ಟೀಚರು!

ಮನೆಗೆ ಬಂದು ಎರಡು ತಾಟು ಇಟ್ಟು ಬುತ್ತಿ ಬಿಚ್ಚಿದೆ. ತಳದ ರೊಟ್ಟಿಗೆ ಕಪ್ಪು ಹತ್ತಿತ್ತು. ಮೊದಲಿಂದಲೂ ಹತ್ತಿರುತ್ತಿತ್ತು, ಹಂಚಿನ ಮಸಿ ಎಂದುಕೊಂಡು ಕೆರೆದು ತಿಂದು, ಬಟ್ಟೆಯನ್ನು ಹಾಗೇ ಸುತ್ತಿ ಅವ್ವನಿಗೆ ವಾಪಸು ಕೊಡುತ್ತಿದ್ದೆ. ಈ ಸಲ ಸೀರೆಯ ತುಂಡೆಂದು ಬಿಡಿಸಿ ನೋಡಿದೆ. ಮೂಲೆಯಲ್ಲಿ ಸಣ್ಣ ಗಂಟು. ಒಳಗೆ ಇದ್ದಿಲು.

ತಂಗಿಗೆ ಫೋನ್ ಹಚ್ಚಿದೆ.

"ಅದಾ? ಅವ್ವನೇ ಕಲಿಸಿದ್ದು, ಅಕ್ಕಾ. ಮ್ಯಾಲಿಂದು ನೀ ಒಗ್ಯಾಕ, ತಳಗಿಂದು ನಿನ್ನ ಕಾಯಾಕ. ದವಾಖಾನ್ಯಾಗೂ ಅದನ್ನ ಹೇಳಿದ್ಲು: ಆಕಿ ಒಬ್ಬಾಕಿ ಹೋಗ್ತಾಳ, ತಳಗಿಂದು ಮರೀಬ್ಯಾಡ."

ಇದ್ದಿಲು ಇದ್ದಲ್ಲಿಗೆ ಸತ್ತವರು ಬರುವುದಿಲ್ಲ. ಅವ್ವನೂ ಈಗ ಸತ್ತವಳೇ. ಒಗೆದುಬಿಡೋಣವೆಂದು ಬಾಗಿಲ ತನಕ ಹೋದೆ. ಕೈ ಬಿಚ್ಚಲಾಗಲಿಲ್ಲ. ಒಳಗೆ ಬಂದು, ಅದನ್ನು ಮತ್ತೆ ಅದೇ ಮೂಲೆಗೆ ಕಟ್ಟಿಟ್ಟು, ಒಂದು ತಾಟು ಎತ್ತಿಟ್ಟೆ.