ಹುರುಳಿ ಹಾಸಿದ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಜಾಗ

೧೯೯೮ರ ಕೊನೆ. ಹುರುಳಿ ಕಿತ್ತು ಒಕ್ಕುವ ಕಾಲ. ಆ ಭಾನುವಾರ ನಮಗೆ ಬಂದದ್ದು ಒಂದೇ ಕರೆ. ನೀಲಗುಂದದ ಕಡೆಯ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು. ಕರೆತಂದು ಇಳಿಸಿದ ಅರ್ಧ ಗಂಟೆಗೆ ಗಂಡು ಕೂಸು ಹುಟ್ಟಿತು. ಅಜ್ಜಿ ಹೊರಗೆ ಬಂದು ನಮ್ಮಿಬ್ಬರ ಕೈಗೂ ಒಂದೊಂದು ಹಿಡಿ ಸಕ್ಕರೆ ಹಾಕಿದರು.

ನಾನು ಹರಪನಹಳ್ಳಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಂಬ್ಯುಲೆನ್ಸ್ ಚಾಲಕ. ಆ ಹೊತ್ತಿಗೆ ಒಂಬತ್ತು ವರ್ಷದ ನೌಕರಿ. ಜೊತೆಗಾರ ಕೊಟ್ರೇಶಿ ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ಬೇವಿನ ಮರದ ಕೆಳಗೆ ಗಾಡಿ ತೊಳೆಯುತ್ತಾ ಅವನು ಸಕ್ಕರೆ ಬಾಯಿಗೆ ಹಾಕಿಕೊಂಡ.

“ಲೇ ಹಾಲಪ್ಪ, ನೀ ಓಡಿಸೋದು ನೋಡಿದ್ರ ಕೂಸು ದಾರ್ಯಾಗ ಹುಟ್ಟಿ, ಆಸ್ಪತ್ರಿ ಬರೋದ್ರೊಳಗ ಸಾಲಿಗಿ ಸೇರತಿತ್ತು ನೋಡು.”

“ನಿನ್ನ ಬಾಯಿ ಓಡಿದಂಗ ಗಾಡಿ ಓಡಿದ್ರ ಸರ್ಕಾರಕ್ಕ ಡೀಸೆಲ್ ಉಳೀತಿತ್ತು,” ಅಂದೆ.

ಅವನು ನೀರೆರಚಿದ. ಸಂಜೆ ಹಳೆಯ ಬೆಡ್‌ಶೀಟು ಹರಿದು ಪಟ್ಟಿ ಸುತ್ತಿಟ್ಟೆವು. ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿದೆವು. ಮನೆಗೆ ಹೋದೆವು. ಆ ದಿನದಲ್ಲಿ ನೆನಪಿಡುವಂಥದ್ದು ಬೇರೆ ಏನೂ ಇರಲಿಲ್ಲ.

ಆಗ ಇನ್ನೂ ೧೦೮ ಬಂದಿರಲಿಲ್ಲ. ಹಳ್ಳಿಯ ಟೆಲಿಫೋನ್ ಬೂತಿನಿಂದಲೋ ಪೊಲೀಸ್ ಠಾಣೆಯಿಂದಲೋ ಆಸ್ಪತ್ರೆಗೆ ಫೋನ್ ಬರುತ್ತಿತ್ತು. ಹೋಗುವವರು ನಾವಿಬ್ಬರೇ. ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಕೆಲಸ ಮಾಡುತ್ತಾ, ತಪ್ಪುತ್ತಾ, ಕೆಲವು ಕಟ್ಟಳೆಗಳನ್ನು ನಾವೇ ಮಾಡಿಕೊಂಡಿದ್ದೆವು. ಅಪಘಾತದ ಜಾಗದಲ್ಲಿ ಇಳಿಯುವ ಮೊದಲು ಕರೆಂಟಿನ ತಂತಿ ಬಿದ್ದಿದೆಯೇ, ಡೀಸೆಲ್ ವಾಸನೆ ಬರುತ್ತಿದೆಯೇ ನೋಡುವುದು. ಗಾಡಿಯನ್ನು ಗಾಯಾಳುವಿನ ಹಿಂದೆ, ಹಿಂದಿನಿಂದ ವಾಹನ ಬರುವ ಕಡೆ, ಗೋಡೆಯ ಹಾಗೆ ನಿಲ್ಲಿಸುವುದು. ಯಾರಾದರೂ ಬಂದು ಗುದ್ದಿದರೆ ಗಾಡಿಗೆ ಗುದ್ದಲಿ, ನಮಗಲ್ಲ. ಮುಂದಿನ ಚಕ್ರಗಳನ್ನು ರಸ್ತೆಯ ಅಂಚಿಗೆ ತಿರುಗಿಸಿಡುವುದು. ಗುದ್ದಿದಾಗ ಗಾಡಿ ಜನರ ಮೇಲೆ ಬರದೆ ಹೊಲಕ್ಕೆ ಹೋಗಲಿ ಎಂದು. ಐವತ್ತು ಹೆಜ್ಜೆ ಹಿಂದೆ ಜಾಲಿಯ ಕೊಂಬೆ, ಕಲ್ಲು ಇಡುವುದು. ಮತ್ತೊಂದು, ಕೊಟ್ರೇಶಿ ಬಹಳ ಬಿಗಿಯಾಗಿ ಪಾಲಿಸುತ್ತಿದ್ದದ್ದು: ಕುತ್ತಿಗೆಗೆ ಪೆಟ್ಟು ಬಿದ್ದವರ ತಲೆ ಹಿಡಿದವನು, ಹಲಗೆಗೆ ಕಟ್ಟುವವರೆಗೆ ಕೈ ಬಿಡಬಾರದು. ತಲೆ ಒಂದಿಷ್ಟು ಹೊರಳಿದರೂ ಕೈಕಾಲು ಶಾಶ್ವತವಾಗಿ ಹೋಗಬಹುದು.

ಇವುಗಳ ಜೊತೆಗೆ ಸುಗ್ಗಿಯ ಕಾಲಕ್ಕೆಂದೇ ಇನ್ನೊಂದು ಕಟ್ಟಳೆ ಇತ್ತು. ನಮ್ಮ ಕಡೆ ಹುರುಳಿ, ನವಣೆ, ಸಜ್ಜೆಯನ್ನು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾಯ್ದು ಕಾಳು ಉದುರುತ್ತದೆ. ಕಣದ ಕೆಲಸ ರಸ್ತೆಯೇ ಮಾಡುತ್ತದೆ. ಒಣ ಹೊಟ್ಟಿನ ಮೇಲೆ ಕಾದ ಸೈಲೆನ್ಸರಿನ ಗಾಡಿ ನಿಂತರೆ ಬೆಂಕಿ ಹತ್ತುತ್ತದೆ. ಹಾಗೆ ಸುಟ್ಟ ಒಂದು ಕಾರನ್ನು ನಾವಿಬ್ಬರೂ ಕಂಡಿದ್ದೆವು. ಆದ್ದರಿಂದ ಒಕ್ಕಲಿನ ಮೇಲೆ, ಅಂದರೆ ಹಾಗೆ ಹಾಸಿದ ಬೆಳೆಯ ಮೇಲೆ, ಗಾಡಿ ನಿಲ್ಲಿಸಬಾರದು.

ಎರಡು ಕಟ್ಟಳೆಗಳು ಒಂದೇ ಜಾಗದಲ್ಲಿ ಎದುರುಬದುರಾದರೆ ಏನು ಮಾಡಬೇಕು ಎಂದು ನಾವು ಮಾತಾಡಿಕೊಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ಉಚ್ಚಂಗಿದುರ್ಗದ ಕಡೆಯ ರಸ್ತೆಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಹುರುಳಿಯ ಮೇಲೆ ಮೋಟಾರ್ ಸೈಕಲ್ ಜಾರಿ ಬಿದ್ದಿದ್ದಾರೆ, ಎದ್ದೇಳುತ್ತಿಲ್ಲ. ಡಾಕ್ಟರು ಹೇಳಿದರು: “ಕುತ್ತಿಗಿ ಅನಸ್ತೈತಿ. ಇಲ್ಲಿಗೆ ತರಬ್ಯಾಡ್ರಿ, ಅಲ್ಲಿಂದ ಸೀದಾ ದಾವಣಗೆರಿಗೆ ಹೋಗ್ರಿ.”

ನಾವು ಮುಟ್ಟಿದಾಗ ರಸ್ತೆಯ ಎಡಗಡೆ ಪೂರಾ, ನೂರು ಹೆಜ್ಜೆಯಷ್ಟು ಉದ್ದ, ಹುರುಳಿ ಹಾಸಿತ್ತು. ಮೇಷ್ಟ್ರು ಅದರ ಮಧ್ಯದಲ್ಲಿ ಮಲಗಿದ್ದರು. ಸುತ್ತ ಹತ್ತು ಹನ್ನೆರಡು ಜನ. ಕೆಲವರ ಕೈಯಲ್ಲಿ ಹುರುಳಿ ತಿರುವಿಹಾಕುವ ಕೋಲುಗಳು ಇನ್ನೂ ಹಾಗೇ ಇದ್ದವು. ನಾನು ವೇಗ ಕಡಿಮೆ ಮಾಡಿದೆ. ಕೊಟ್ರೇಶಿ ಬಾಗಿಲಿಗೆ ಕೈ ಹಾಕಿ, “ಹಿಂದ ನಿಲ್ಸಲೇ, ಹಿಂದ,” ಅಂದ.

“ಸೈಲೆನ್ಸರ್ ಕೆಂಡ ಆಗೈತಿ. ಹೊಟ್ಟು ಹತ್ತಿಕೊಂತೈತಿ,” ಅಂದೆ.

“ಹಂಗಾದ್ರ ಹುರುಳಿಗಿಂತ ಈಚಿಗೇ ನಿಲ್ಸು. ಹೊತ್ಕೊಂಡು ಬರೋಣು.”

ಈಚೆಗೆ ನಿಲ್ಲಿಸಿದರೆ ಮೇಷ್ಟ್ರನ್ನು ಐವತ್ತು ಹೆಜ್ಜೆ, ಜಾರುವ ಹೊಟ್ಟಿನ ಮೇಲೆ, ಹಿಂದಕ್ಕೆ ಹೊರಬೇಕು. ದಾವಣಗೆರೆ ಮುಂದಿತ್ತು. ಮುಂದೆ ಹೋಗಿ ನಿಲ್ಲಿಸಿದರೆ ಹೊರುವ ದೂರ ಅಷ್ಟೇ, ಆದರೆ ಹತ್ತಿಸಿದ ಕೂಡಲೇ ಹೊರಡಬಹುದು, ಗಾಯಾಳುವನ್ನು ಒಳಗಿಟ್ಟುಕೊಂಡು ಜನರ ನಡುವೆ ಹಾಯುವುದು ತಪ್ಪುತ್ತದೆ. ಒಂದು ನಿಮಿಷ ಉಳಿಯುತ್ತದೆ. ಈ ಲೆಕ್ಕವೆಲ್ಲ ನನ್ನ ತಲೆಯಲ್ಲಿ ಎಷ್ಟು ಬೇಗ ಆಯಿತೋ. ಕೊಟ್ರೇಶಿಯನ್ನು ಜನರ ಹತ್ತಿರ ಇಳಿಸಿ, ನಾನು ಬಲಗಡೆಯಿಂದ ಹಾಯ್ದು, ಹುರುಳಿ ಮುಗಿದ ಮೇಲೆ ಬರಿ ಡಾಂಬರಿನ ಮೇಲೆ ಗಾಡಿ ನಿಲ್ಲಿಸಿದೆ. ಕೊಂಬೆ ಮುರಿದು ಹಿಂದೆ ಇಡಲು ಯಾರಿಗೂ ಹೇಳಲಿಲ್ಲ. ಸ್ಟ್ರೆಚರು ಇಳಿಸಿ ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಹಿಂದಿನ ಬಾಗಿಲು ತೆಗೆದು ಹಲಗೆ ಎಳೆಯುತ್ತಿದ್ದಾಗ ಲಾರಿಯ ಹಾರ್ನ್ ಕೇಳಿಸಿತು. ನಾವು ಬಂದ ದಿಕ್ಕಿನಿಂದಲೇ ಬರುತ್ತಿತ್ತು.

ಒಕ್ಕಲು ಹಾಸಿದ ರಸ್ತೆಯಲ್ಲಿ ಲಾರಿಯವರು ನಿಲ್ಲಿಸುವುದಿಲ್ಲ. ಜನ ಕೋಲು ಹಿಡಿದು ನಿಂತಿರುತ್ತಾರೆ, ಹಾರ್ನ್ ಹೊಡೆದರೆ ಕೊನೆಯ ಗಳಿಗೆಯಲ್ಲಿ ಬದಿಗೆ ಸರಿಯುತ್ತಾರೆ, ಲಾರಿ ಹುರುಳಿಯ ಮೇಲೆ ಹಾಯುತ್ತದೆ. ಹಾಯಲಿ ಎಂದೇ ಹಾಸಿರುತ್ತಾರೆ. ದಿನಾ ನಡೆಯುವುದು ಅದೇ. ಆ ಚಾಲಕನೂ ಹಾಗೇ ತಿಳಿದ. ನನ್ನ ಗಾಡಿ ಅವನಿಗೆ ಜನರ ಆಚೆ, ಮುಂದೆ ಹೋಗುತ್ತಿರುವ ಯಾವುದೋ ವ್ಯಾನಿನ ಹಾಗೆ ಕಂಡಿರಬೇಕು. ಅದು ಹಿಂದೆ ನಿಂತು ಕೆಂಪು ದೀಪ ತಿರುಗುತ್ತಿದ್ದರೆ ಅವನು ಅರ್ಧ ಫರ್ಲಾಂಗಿನಿಂದಲೇ ನಿಲ್ಲಿಸುತ್ತಿದ್ದ.

ಜನ ಸರಿದರು. ಯಾವಾಗಲೂ ಸರಿಯುವ ಹಾಗೆಯೇ ಸರಿದರು. ಕೊಟ್ರೇಶಿ ಮೊಣಕಾಲೂರಿ ಮೇಷ್ಟ್ರ ತಲೆ ಹಿಡಿದು ಕೂತಿದ್ದ. ಲಾರಿಯವನು ಬ್ರೇಕ್ ಹಾಕಿದ, ಹೊಟ್ಟಿನ ಮೇಲೆ ಚಕ್ರ ನಿಲ್ಲಲಿಲ್ಲ. ಲಾರಿ ಅಡ್ಡಡ್ಡ ಜಾರುತ್ತಾ ಬಂತು. ಕೊಟ್ರೇಶಿ ಅದನ್ನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೈ ಬಿಡಲಿಲ್ಲ ಎಂಬುದು ಗೊತ್ತು. ಲಾರಿಯ ಹಿಂದಿನ ಮೂಲೆ ಅವನ ಸೊಂಟಕ್ಕೆ ಬಡಿದು, ಲಾರಿ ಹೊಲಕ್ಕೆ ಇಳಿಯಿತು. ಮೇಷ್ಟ್ರಿಗೆ ಏನೂ ತಾಗಲಿಲ್ಲ.

ನಾನು ಓಡಿದೆ. ಹೊರಗೆ ರಕ್ತ ಬಹಳ ಇರಲಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಗಿತ್ತು. ಅದರ ಅರ್ಥ ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ರಕ್ತ ಒಳಗೆ ಸೋರುತ್ತಿದೆ.

“ಒಳಗ ಒಡದೈತಿ,” ಅಂದ. “ಮೊದಲು ಮೇಷ್ಟ್ರನ್ನ ಹಾಕು. ಕುತ್ತಿಗಿ ಹಿಡಿಯಾಕ ಯಾರನ್ನರ ಕರಿ.”

ಹುರುಳಿಯ ಒಡತಿ ದುರುಗಮ್ಮ ಅಲ್ಲೇ ನಿಂತಿದ್ದರು. ಅರವತ್ತು ದಾಟಿದ ಹೆಂಗಸು. ಬೇರೆ ಯಾರೂ ಮುಂದೆ ಬರಲಿಲ್ಲ, ಅವರೇ ಹತ್ತಿದರು. ತಲೆಯನ್ನು ಹಲಗೆಗೆ ಕಟ್ಟುತ್ತಾ ಕೂರಲು ಹೊತ್ತಿರಲಿಲ್ಲ. ಮೇಷ್ಟ್ರು ಹಲಗೆಯ ಮೇಲೆ, ಕೊಟ್ರೇಶಿ ಪಕ್ಕದಲ್ಲಿ ಕೆಳಗೆ. ಒಂದೇ ಸ್ಟ್ರೆಚರು ಇದ್ದದ್ದು.

ಮುಕ್ಕಾಲು ಗಂಟೆಯ ದಾರಿ. ಒಬ್ಬನಿಗೆ ವೇಗ ಬೇಕಿತ್ತು, ಇನ್ನೊಬ್ಬರಿಗೆ ನಿಧಾನ. ನಾನು ಎಕ್ಸಲರೇಟರ್ ಒತ್ತಿದೆ. ಗುಂಡಿಯೊಂದು ಬಂದು ಗಾಡಿ ಎತ್ತಿ ಹಾಕಿತು. ಹಿಂದಿನಿಂದ ಅವನ ದನಿ ಬಂತು: “ನಿಧಾನಲೇ! ಕುತ್ತಿಗಿ ಐತಿ ಇಲ್ಲಿ.” ನಿಧಾನ ಮಾಡಿದೆ. ದುರುಗಮ್ಮ ಅಳುತ್ತಿದ್ದರು.

“ನಮ್ಮ ಹುರುಳೀನ ಇಲ್ಲೇ ತಂದು ಹಾಸಿದ್ವಲ್ಲೋ ಯಪ್ಪಾ...”

“ಅಳೋದು ಆಮ್ಯಾಲೆ ಯಮ್ಮಾ. ಕೈ ಅಲಗಿಸಬ್ಯಾಡ. ಎರಡೂ ಕಿವಿ ಮ್ಯಾಲೆ ಅಂಗೈ ಇಡು. ಹಾಂ, ಹಂಗ. ಕೂಸಿನ ತಲಿ ಹಿಡದಂಗ.”

ಸ್ವಲ್ಪ ದೂರದವರೆಗೆ ಅವನು ಅವರಿಗೆ ಹೇಳಿಕೊಡುತ್ತಲೇ ಇದ್ದ. ಆಮೇಲೆ ದನಿ ಸಣ್ಣದಾಯಿತು. ಸೈರನ್ನಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಅರ್ಧ ದಾರಿ ದಾಟಿದ ಮೇಲೆ ದುರುಗಮ್ಮ ಅಂದರು: “ಡ್ರೈವರಪ್ಪಾ, ಇವರು ಮಾತಾಡವಲ್ಲರು ನೋಡ್ರಿ.”

ನಿಲ್ಲಿಸಿ ಹಿಂದೆ ಹೋಗಿ ನೋಡಬಹುದಿತ್ತು. ನೋಡಿ ನಾನು ಮಾಡುವಂಥದ್ದು ಏನೂ ಇರಲಿಲ್ಲ. ನಿಲ್ಲಿಸಲಿಲ್ಲ. “ನೀವು ಕೈ ಬಿಡಬ್ಯಾಡ್ರಿ ಯಮ್ಮಾ,” ಅಂದೆ. ಅವರು ಬಿಡಲಿಲ್ಲ. ಆಸ್ಪತ್ರೆಯವರು ಬಂದು ತಾವು ಹಿಡಿಯುವವರೆಗೂ ಬಿಡಲಿಲ್ಲ.

ಕೊಟ್ರೇಶಿ ದಾರಿಯಲ್ಲೇ ಹೋಗಿದ್ದ. ಮೇಷ್ಟ್ರು ನಾಲ್ಕು ತಿಂಗಳಿಗೆ ನಡೆದಾಡಿದರು. ಒಮ್ಮೆ ನಮ್ಮ ಆಸ್ಪತ್ರೆಗೆ ಬಂದು ಬೇವಿನ ಮರದ ಹತ್ತಿರ ಬಹಳ ಹೊತ್ತು ನಿಂತಿದ್ದರು. ಚಹಾ ತರಿಸಿದೆ. ಕುಡಿಯದೆ ಹೋದರು.

ಪೊಲೀಸರು ಬಂದರು, ಇಲಾಖೆಯಿಂದಲೂ ಒಬ್ಬರು ಬಂದರು. “ನಿಮ್ಮ ಗಾಡಿ ಎಲ್ಲಿ ನಿಂತಿತ್ತು?” ಎಂದು ಕೇಳಿದರು. “ಮುಂದೆ ಸರ್,” ಅಂದೆ. ಮುಂದೆ ಎಂದು ಬರೆದುಕೊಂಡರು. ಯಾಕೆ ಮುಂದೆ ಎಂದು ಕೇಳಲಿಲ್ಲ. ತಪ್ಪು ಲಾರಿಯವನದು, ರಸ್ತೆಯ ಮೇಲೆ ಹುರುಳಿ ಹಾಸಿದವರದು ಎಂದಾಯಿತು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅದಾದ ಮೇಲೆ ಹದಿನಾಲ್ಕು ವರ್ಷ ಗಾಡಿ ಓಡಿಸಿದೆ. ಆಂಬ್ಯುಲೆನ್ಸ್ ಕೆಲಸದಲ್ಲಿ ಮೊದಲ ಚಿಕಿತ್ಸೆ ಗಾಡಿ ನಿಲ್ಲಿಸುವುದೇ ಎಂದು ಜೊತೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿದೆ. ಗಾಡಿ ಹಿಂದೆ ನಿಲ್ಲಬೇಕು. ಒಕ್ಕಲು ಇದ್ದರೆ ಒಕ್ಕಲಿಗಿಂತ ಈಚೆಗೇ ನಿಲ್ಲಬೇಕು, ಎಷ್ಟೇ ದೂರ ಹೊರಬೇಕಾದರೂ ಸರಿ. ರೋಗಿಯನ್ನು ಮುಟ್ಟುವ ಮೊದಲು ಕೊಂಬೆ ಇಡಬೇಕು. ನಿಮಿಷ ಉಳಿಸುವುದು ಒಳ್ಳೆಯದೇ, ಆದರೆ ಇಳಿದು ಕೆಲಸ ಮಾಡುವವನ ಬೆನ್ನು ಬಯಲು ಮಾಡಿ ಉಳಿಸಬಾರದು. ಮುಂದೆ ೧೦೮ರ ಗಾಡಿಗಳು ಬಂದವು. ಅವುಗಳ ಹುಡುಗರಿಗೆ ಇದನ್ನೆಲ್ಲ ಕಲಿಸಿಯೇ ಕಳಿಸುತ್ತಾರೆಂದು ಕೇಳಿ ನಿದ್ದೆ ಬರುವಷ್ಟು ಸಮಾಧಾನವಾಯಿತು. ಸಂತೋಷ ಆಗಲಿಲ್ಲ.

ಕೊಟ್ರೇಶಿಯ ಹೆಂಡತಿ ಸಿದ್ದಮ್ಮ ನಮ್ಮ ಓಣಿಯಲ್ಲೇ ಇದ್ದಾರೆ. ವರ್ಷದ ತಿಥಿಯ ದಿನ ಒಮ್ಮೆ ಕೇಳಿದರು: “ಏನಂದ್ರಣ್ಣ, ಕೊನಿಗೆ?” ದುರುಗಮ್ಮನಿಗೆ ತಲೆ ಹಿಡಿಯಲು ಹೇಳಿಕೊಟ್ಟದ್ದನ್ನು ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದರು. ಗಾಡಿ ಹಿಂದೆ ನಿಲ್ಲಿಸು ಎಂದು ಅವನು ನನಗೆ ಎರಡು ಸಲ ಹೇಳಿದ್ದನ್ನು ಹೇಳಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಸಿದ್ದಮ್ಮನಿಗೆ ಓದಲು ಬರುವುದಿಲ್ಲ. ಆ ಮಾತು ಅವರಿಗೆ ಇನ್ನೂ ಮುಟ್ಟಿಲ್ಲ.